ನೆನಪಿನ ಸಾಕ್ಷ್ಯ ಮತ್ತು ಪ್ರಶ್ನೆಯ ಹೊಣೆ

ವಿದ್ಯಾಸಂಸ್ಥೆಯೊಂದರ ಸಂಸ್ಮರಣ ಸಂಪುಟವೆಂದರೆ ಬಹುಮಟ್ಟಿಗೆ ನೆನಪುಗಳ ಸಂಪುಟವೇ. ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ನೆಲೆಸಿರುವ ಹಿರಿಯ ವಿದ್ಯಾರ್ಥಿಯೊಬ್ಬರ ಮುಂದೆ ಕುಳಿತು, "ವಿದ್ಯಾರ್ಥಿನಿಲಯಕ್ಕೆ ಅಡಿಗಲ್ಲು ಹಾಕಿದ ದಿನ ತಮಗೆ ನೆನಪಿದೆಯೇ?" ಎಂದು ಕೇಳಿದೆವೆನ್ನೋಣ. ಅವರು ಆ ದಿನ ಸುರಿದ ಮಳೆಯನ್ನು, ನೆನೆದ ಚಪ್ಪರವನ್ನು, ಮಕ್ಕಳಿಗೆ ಹಂಚಿದ ಸಿಹಿಯನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾರೆ. ಅದೇ ಪ್ರಶ್ನೆಯನ್ನು ಅವರ ಸಹಪಾಠಿಯ ಮುಂದಿಟ್ಟರೆ, "ಮಳೆ ಎಲ್ಲಿತ್ತು? ಅಂದು ಸುಡುಬಿಸಿಲು" ಎನ್ನುತ್ತಾರೆ. ಇಬ್ಬರೂ ಸತ್ಯವಂತರು, ಇಬ್ಬರೂ ಅಲ್ಲಿದ್ದವರು. ಹಾಗಾದರೆ ಸಂಪುಟದಲ್ಲಿ ಯಾರ ಮಾತನ್ನು ಅಚ್ಚು ಹಾಕಿಸಬೇಕು?

ಮೇಲ್ನೋಟಕ್ಕೆ ಇದು ಸಣ್ಣ ತೊಡಕು. ಆದರೆ ಇದೇ ತೊಡಕು ನ್ಯಾಯಾಲಯದ ಕಟಕಟೆಯಲ್ಲಿ ತಲೆದೋರಿದರೆ ನಿರಪರಾಧಿಯೊಬ್ಬನ ಬಾಳು ಹಾಳಾದೀತು. ಸರ್ಕಾರದ ಸಮೀಕ್ಷೆಯಲ್ಲಿ ತಲೆದೋರಿದರೆ ದೇಶದ ಬಡವರ ಸಂಖ್ಯೆಯೇ ಏರುಪೇರಾದೀತು. ಆದುದರಿಂದ ನೆನಪಿನ ಸ್ವರೂಪವೇನು, ಅದನ್ನು ಕೇಳಿ ತಿಳಿಯುವ ಸರಿಯಾದ ಕ್ರಮವೇನು ಎಂಬುದನ್ನು ಮನಶ್ಶಾಸ್ತ್ರದ ಬೆಳಕಿನಲ್ಲಿ ವಿವೇಚಿಸುವುದು ಉಚಿತವೆಂದು ತೋರುತ್ತದೆ.

ನೆನಪು ಉಗ್ರಾಣವಲ್ಲ

ನಮ್ಮ ನಾಡಿಗೆ ಈ ಶಾಸ್ತ್ರ ಹೊಸತೇನೂ ಅಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ 1924ರಲ್ಲಿಯೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ'ಯನ್ನು ಪ್ರಾರಂಭಿಸಿದವರೂ ಅವರೇ.

ನೆನಪೆಂಬುದು ಕಂಡದ್ದನ್ನೆಲ್ಲ ಜೋಡಿಸಿಟ್ಟ ಉಗ್ರಾಣವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ; ಬೇಕಾದಾಗ ಬಾಗಿಲು ತೆರೆದು ಸಾಮಾನನ್ನು ಇದ್ದಂತೆಯೇ ಹೊರತೆಗೆಯಬಹುದೆಂದು ನಂಬುತ್ತೇವೆ. ಕೇಂಬ್ರಿಡ್ಜಿನ ಸರ್ ಫ್ರೆಡರಿಕ್ ಬಾರ್ಟ್ಲೆಟ್ಟರು 1932ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನು ಅಲುಗಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಓದಲು ಕೊಟ್ಟು, ಕೆಲಕಾಲದ ಅನಂತರ ಅದನ್ನು ನೆನಪಿನಿಂದ ಬರೆಯಿಸಿದಾಗ, ಓದುಗರು ತಮಗೆ ಅಪರಿಚಿತವಾದುದನ್ನು ಬಿಟ್ಟು ಪರಿಚಿತವಾದುದನ್ನು ಸೇರಿಸಿದ್ದರು. ಕಥೆಯಲ್ಲಿ ಸೀಲ್ ಬೇಟೆಯಿದ್ದರೆ ಅವರ ಬರಹದಲ್ಲಿ ಅದು ಮೀನು ಹಿಡಿಯುವ ಕೆಲಸವಾಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ನೆನಪು ಎಡೆಬಿದ್ದ ಕಡೆಗಳನ್ನು ತಾನೇ ತುಂಬಿಕೊಂಡಿತ್ತು. ಪ್ರತಿಯೊಂದು ಸ್ಮರಣೆಯೂ ಒಂದು ಪುನರ್ನಿರ್ಮಾಣವೆಂಬುದು ಇದರಿಂದ ವಿದಿತವಾಗುತ್ತದೆ.

ಪ್ರಶ್ನೆಯೇ ಉತ್ತರವನ್ನು ತಿದ್ದುವುದು

ಪ್ರಶ್ನಿಸುವವನ ಮಾತು ಕೂಡ ಈ ಪುನರ್ನಿರ್ಮಾಣದಲ್ಲಿ ಪಾಲ್ಗೊಳ್ಳುತ್ತದೆಯೆಂದು ತೋರಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್. 1974ರಲ್ಲಿ ಅವರು ಜಾನ್ ಪಾಮರ್ ಅವರೊಡಗೂಡಿ 45 ಮಂದಿ ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಲನಚಿತ್ರಗಳನ್ನು ತೋರಿಸಿ, ಕಾರುಗಳ ವೇಗವೆಷ್ಟಿತ್ತೆಂದು ಕೇಳಿದರು. ಒಂದು ಗುಂಪಿಗೆ ಕಾರುಗಳು ಒಂದಕ್ಕೊಂದು 'ಅಪ್ಪಳಿಸಿದಾಗ' ಎಂದು, ಇನ್ನೊಂದಕ್ಕೆ 'ತಾಗಿದಾಗ' ಎಂದು, ಹೀಗೆ ಕ್ರಿಯಾಪದವನ್ನು ಮಾತ್ರ ಬದಲಿಸಿ ಪ್ರಶ್ನಿಸಲಾಯಿತು. 'ಅಪ್ಪಳಿಸಿದಾಗ' ಎಂಬ ಮಾತನ್ನು ಕೇಳಿದವರು ಹೇಳಿದ ಸರಾಸರಿ ವೇಗ ಗಂಟೆಗೆ ಸುಮಾರು 41 ಮೈಲಿ. 'ತಾಗಿದಾಗ' ಎಂಬುದನ್ನು ಕೇಳಿದವರದು ಸುಮಾರು 32 ಮೈಲಿ.

ಮತ್ತೊಂದು ಪ್ರಯೋಗದಲ್ಲಿ 150 ಮಂದಿಗೆ ಒಂದು ಅಪಘಾತದ ಚಿತ್ರವನ್ನು ತೋರಿಸಿ, ವಾರದ ಬಳಿಕ, "ಒಡೆದ ಗಾಜನ್ನು ನೀವು ನೋಡಿದಿರಾ?" ಎಂದು ಕೇಳಲಾಯಿತು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ಮೊದಲ ದಿನ 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡಿದ್ದ 50 ಮಂದಿಯಲ್ಲಿ 16 ಮಂದಿ "ನೋಡಿದೆವು" ಎಂದರು. 'ಗುದ್ದಿದಾಗ' ಎಂಬ ಸೌಮ್ಯತರ ಮಾತನ್ನು ಕೇಳಿದ್ದ 50 ಮಂದಿಯಲ್ಲಿ ಹಾಗೆಂದವರು 7 ಮಂದಿ. ವೇಗದ ಪ್ರಶ್ನೆಯನ್ನೇ ಕೇಳಿರದ 50 ಮಂದಿಯಲ್ಲಿ 6 ಮಂದಿ. ಒಂದೇ ಒಂದು ಪದ, ಇಲ್ಲದ ಗಾಜನ್ನು ಕೆಲವರ ಕಣ್ಣೆದುರಿಗೆ ತಂದಿರಿಸಿತು!

ಕಾನೂನಿನ ವಿವೇಕ

ಪ್ರಯೋಗಶಾಲೆಗಳು ಹೇಳುವುದಕ್ಕೆ ಮೊದಲೇ ಕಾನೂನು ಈ ಅಪಾಯವನ್ನು ಒಂದು ಮಟ್ಟಿಗೆ ಅರಿತಿತ್ತು. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ, ಎದುರು ಪಕ್ಷದವರು ಆಕ್ಷೇಪಿಸಿದರೆ, ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ಉತ್ತರವನ್ನು ಸೂಚಿಸುವಂಥ ಪ್ರಶ್ನೆಯನ್ನು ಕೇಳುವಂತಿರಲಿಲ್ಲ. ಘಟನೆಯ ಕಾಲದಲ್ಲಿ ತಾನೇ ಬರೆದಿಟ್ಟ ಟಿಪ್ಪಣಿಯನ್ನು ನೋಡಿಕೊಂಡು ನೆನಪನ್ನು ಹಸಿರುಗೊಳಿಸಿಕೊಳ್ಳಲು ಸಾಕ್ಷಿಗೆ ಅವಕಾಶವಿತ್ತು. 2024ರ ಜುಲೈ 1ರಿಂದ ಆ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದ್ದರೂ ಈ ಎರಡು ತತ್ತ್ವಗಳು ಉಳಿದುಕೊಂಡಿವೆ.

ಸಾಕ್ಷಿಯ ನಾಲಗೆಯನ್ನು ನಂಬುವುದು ಕಷ್ಟವಾದರೆ ಅವನ ಮಿದುಳನ್ನೇ ಏಕೆ ಓದಬಾರದು ಎಂಬ ಆಲೋಚನೆಯೂ ನಮ್ಮ ರಾಜ್ಯದಲ್ಲಿಯೇ ಬೆಳೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸಕ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊ. ಸಿ. ಆರ್. ಮುಕುಂದನ್ ಅವರು, ಮಿದುಳಿನ ವಿದ್ಯುತ್ ತರಂಗಗಳನ್ನು ಅಳೆದು, ವ್ಯಕ್ತಿಯು ಒಂದು ಕೃತ್ಯವನ್ನು ಸ್ವತಃ ಅನುಭವಿಸಿದ್ದಾನೆಯೇ ಅಥವಾ ಅದರ ವಿಚಾರವನ್ನು ಕೇಳಿ ಮಾತ್ರ ಬಲ್ಲನೇ ಎಂಬುದನ್ನು ಬೇರ್ಪಡಿಸುವ ವಿಧಾನವೊಂದನ್ನು ರೂಪಿಸಿದರು. ಆದರೆ 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಹಾಗೂ ಮಿದುಳಿನ ತರಂಗಗಳ ಪರೀಕ್ಷೆಗಳಿಗೆ ಯಾರನ್ನೂ ಬಲವಂತದಿಂದ ಗುರಿಪಡಿಸಕೂಡದೆಂದು ತೀರ್ಪಿತ್ತಿತು. ಒಪ್ಪಿಗೆಯಿಂದ ಪರೀಕ್ಷೆ ನಡೆದರೂ ಅದರ ಫಲಿತಾಂಶವೇ ಸಾಕ್ಷ್ಯವಾಗಲಾರದೆಂದೂ ಸ್ಪಷ್ಟಪಡಿಸಿತು. ನೆನಪನ್ನು ತಿಳಿಯಲು ಅಡ್ಡದಾರಿಯಿಲ್ಲ. ಮನುಷ್ಯನನ್ನು ಮನುಷ್ಯನಂತೆ ಕಂಡು, ಎಚ್ಚರದಿಂದ ಕೇಳುವುದೇ ದಾರಿ.

ಸಮೀಕ್ಷೆಯ ಪಾಠಗಳು

ಇಂಥ ಕೇಳುವಿಕೆಯನ್ನು ಸಾವಿರಾರು ಮನೆಗಳಲ್ಲಿ ನಡೆಸುವುದೇ ಸಮೀಕ್ಷೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಮನೆಮನೆಗೆ ಹೋಗಿ, ಏನನ್ನು ಎಷ್ಟು ಕೊಂಡಿರಿ, ಎಷ್ಟು ಉಂಡಿರಿ ಎಂದು ವಿಚಾರಿಸುತ್ತ ಬಂದಿದೆ. ಕಳೆದ 30 ದಿನಗಳದನ್ನು ಕೇಳಿದಾಗ ಬರುವ ಲೆಕ್ಕಕ್ಕಿಂತ ಕಳೆದ 7 ದಿನಗಳದನ್ನು ಕೇಳಿ ತಿಂಗಳಿಗೆ ಗುಣಿಸಿದಾಗ ಆಹಾರದ ಬಳಕೆ ಹೆಚ್ಚಾಗಿ ಕಾಣುವುದು. 1999-2000ರ ಸುತ್ತಿನಲ್ಲಿ ಎರಡೂ ಅವಧಿಗಳ ಪ್ರಶ್ನೆಗಳನ್ನು ಒಂದೇ ಮನೆಯವರಿಗೆ ಅಕ್ಕಪಕ್ಕದಲ್ಲಿ ಕೇಳಿದ್ದರಿಂದ ಒಂದು ಉತ್ತರ ಇನ್ನೊಂದನ್ನು ಪ್ರಭಾವಿಸಿತೆಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಿದರು. ದೇಶದ ಬಡತನ ಎಷ್ಟು ಇಳಿದಿದೆಯೆಂಬ ದೊಡ್ಡ ಚರ್ಚೆ, ಗೃಹಿಣಿಯೊಬ್ಬಳ ನೆನಪಿನ ಅವಧಿಯ ಮೇಲೆ ನಿಂತಿತು.

ವಯಸ್ಸಿನ ವಿಚಾರವೂ ಹಾಗೆಯೇ. ಜನಗಣತಿಯಲ್ಲಿ 40, 45, 50 ಎಂದು ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ವಯಸ್ಸುಗಳೇ ಅಧಿಕ. ಇದಕ್ಕೆ ಪರಿಹಾರವಾಗಿ ಗಣತಿದಾರರು ಸ್ಥಳೀಯ ಘಟನೆಗಳ ಪಟ್ಟಿಯನ್ನು ಬಳಸುವುದುಂಟು. ಭದ್ರಾವತಿಗೆ ಅಂಥ ಪಟ್ಟಿಯನ್ನು ಸಿದ್ಧಪಡಿಸುವುದಾದರೆ, 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಸ್ಥಾಪನೆ, 1923ರಲ್ಲಿ ಬೀಡು ಕಬ್ಬಿಣದ ಉತ್ಪಾದನೆ, 1930ರ ದಶಕದಲ್ಲಿ ಕಾಗದದ ಕಾರ್ಖಾನೆ, 1956ರ ಏಕೀಕರಣ, 1973ರ ನಾಮಕರಣ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಇವೆಲ್ಲ ಮೈಲಿಗಲ್ಲುಗಳಾಗುತ್ತವೆ. "ತಾವು ಶಾಲೆಗೆ ಸೇರಿದ್ದು ಯಾವ ಇಸವಿ?" ಎಂದರೆ ತಡವರಿಸುವವರು, "ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಾಗ ತಾವು ಎಷ್ಟನೆಯ ತರಗತಿಯಲ್ಲಿದ್ದಿರಿ?" ಎಂದರೆ ಸಮೀಪದ ಉತ್ತರವನ್ನು ಕೊಡಬಲ್ಲರು.

ಹಾಗೆಂದು ಲಿಖಿತವಾದುದೆಲ್ಲ ನಿರ್ದೋಷವೆಂದು ತಿಳಿಯಬಾರದು. ಹಳೆಯ ಅಡ್ಮಿಷನ್ ರಿಜಿಸ್ಟರುಗಳಲ್ಲಿ ಎಷ್ಟೋ ಮಕ್ಕಳ ಜನ್ಮದಿನ ಜೂನ್ 1 ಎಂದೇ ಇರುವುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ತಂದೆಯ ಅಂದಾಜು, ಮೇಷ್ಟರ ಲೇಖನಿ, ಇವೆರಡೂ ಸೇರಿ ಹುಟ್ಟಿದ ದಿನಾಂಕವದು. ಮುಂದೆ ನೌಕರಿಯ ನಿವೃತ್ತಿಯನ್ನು ನಿರ್ಧರಿಸಿದ್ದು ಅದೇ ದಿನಾಂಕ!

ಬೆಂಕಿಯಿಂದ ಉಳಿದ ಗ್ರಾಮ

ನೆನಪನ್ನು ಇಷ್ಟು ಶಂಕಿಸಿದರೆ ಅದರಿಂದ ಪ್ರಯೋಜನವೇನು ಎಂದು ಕೇಳಬಹುದು. ಉತ್ತರ ನಮ್ಮವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರ ಜೀವನದಲ್ಲಿದೆ. 1948ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಅದಕ್ಕೆ 'ರಾಂಪುರ'ವೆಂಬ ಕಲ್ಪಿತ ನಾಮವನ್ನಿತ್ತರು. 18 ವರ್ಷಗಳ ಕಾಲ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಅವರು, ನೆನಪಿನಿಂದಲೇ ಬರೆಯಿರೆಂದು ಸಲಹೆಯಿತ್ತರು. ಹಾಗೆ ರಚಿತವಾಗಿ 1976ರಲ್ಲಿ ಪ್ರಕಟವಾದ 'ದಿ ರಿಮೆಂಬರ್ಡ್ ವಿಲೇಜ್' ಜಗತ್ತಿನ ವಿದ್ವಾಂಸರ ಮನ್ನಣೆಗೆ ಪಾತ್ರವಾಯಿತು.

ಈ ಕೃತಿಯ ಮಹತ್ತ್ವಕ್ಕೆ ಲೇಖಕರ ಪ್ರಾಮಾಣಿಕತೆಯೂ ಕಾರಣ. ಇದು ನೆನಪಿನಿಂದ ಬರೆದದ್ದು ಎಂಬುದನ್ನು ಅವರು ಮುಚ್ಚಿಡಲಿಲ್ಲ, ಹೆಸರಿನಲ್ಲಿಯೇ ಸಾರಿದರು. ಅಂಕಿಅಂಶಗಳು ಬೆಂಕಿಗೆ ಬಲಿಯಾದರೂ, ಜನರ ಮಾತು, ನಡೆ, ಜಗಳ, ಔದಾರ್ಯಗಳು ನೆನಪಿನಲ್ಲಿ ಉಳಿದಿದ್ದವು. ಇಸವಿಯನ್ನು ನೆನಪಿನಿಂದ ಪಡೆಯುವುದು ಕಷ್ಟ. ಅನುಭವದ ಅರ್ಥವನ್ನು ನೆನಪಿನಿಂದಲೇ ಪಡೆಯಬೇಕು.

ನಮ್ಮ ಕರ್ತವ್ಯ

ಸಂಸ್ಥೆಯ ಇತಿಹಾಸವನ್ನು ಹಿರಿಯರಿಂದ ಸಂಗ್ರಹಿಸುವವರು ಕೆಲವು ನಿಯಮಗಳನ್ನು ಪಾಲಿಸುವುದು ಹಿತಕರ. ಮೊದಲು "ಆ ದಿನವನ್ನು ಕುರಿತು ಹೇಳಿ" ಎಂದು ಕೇಳಿ ಸುಮ್ಮನಿರಬೇಕು. ನಡುವೆ ಬಾಯಿ ಹಾಕಬಾರದು. "ಮಳೆ ಬಂದಿತ್ತಲ್ಲವೇ?" ಎಂಬಂಥ ಪ್ರಶ್ನೆಯನ್ನು ಕೇಳಲೇಕೂಡದು. ಸಹಪಾಠಿಗಳನ್ನು ಮೊದಲು ಬೇರೆಬೇರೆಯಾಗಿ ಕಂಡು, ಆಮೇಲೆ ಒಟ್ಟಿಗೆ ಕೂರಿಸಬೇಕು. ಇಲ್ಲವಾದರೆ ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗುವುದು. ಕೇಳಿದ್ದನ್ನು ಅಂದೇ ಬರೆದು, ಹೇಳಿದವರ ಹೆಸರು, ಕೇಳಿದ ದಿನಾಂಕ, ಕೇಳಿದ ಪ್ರಶ್ನೆ ಇವನ್ನು ನಮೂದಿಸಬೇಕು. ಹಾಜರಿ ಪುಸ್ತಕ, ಆಮಂತ್ರಣ ಪತ್ರಿಕೆ, ಭಾವಚಿತ್ರಗಳೊಡನೆ ತಾಳೆ ನೋಡಬೇಕು. ಹೇಳುವವರ ದೃಢವಿಶ್ವಾಸವನ್ನೇ ಸತ್ಯದ ಅಳತೆಗೋಲೆಂದು ತಿಳಿಯಬಾರದು.

ಮಳೆ ಬಂದಿತ್ತೋ ಬಿಸಿಲಿತ್ತೋ ಎಂಬುದು ತಾಳೆ ನೋಡಿದ ಮೇಲೂ ಇತ್ಯರ್ಥವಾಗದಿದ್ದರೆ, ಇಬ್ಬರ ಮಾತನ್ನೂ ಅವರವರ ಹೆಸರಿನಲ್ಲಿಯೇ ಅಚ್ಚು ಹಾಕಿಸುವುದು ಲೇಸು. ಇದರಿಂದ ಯಾರ ಗೌರವಕ್ಕೂ ಕುಂದಿಲ್ಲ. ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಅವರು ಹೇಳದೆ ಹೋದುದನ್ನು ಯಾವ ರಿಜಿಸ್ಟರೂ ತುಂಬಿಕೊಡಲಾರದು. ನಾವು ತಪ್ಪಾಗಿ ಕೇಳಿ ಕೆಡಿಸಿದುದನ್ನು ಯಾರೂ ಸರಿಪಡಿಸಲಾರರು. ಆದುದರಿಂದ ತಡಮಾಡದೆ ಕೇಳೋಣ. ಆದರೆ ಕೇಳುವುದನ್ನು ಮೊದಲು ಕಲಿಯೋಣ.