ಒಂದೂರಿಗಷ್ಟೇ ರಜೆ: ಫಿಲಿಪ್ಪೀನ್ಸ್‌ನ ಲೆಕ್ಕ ಹೀಗಿದೆ

ಆಗಸ್ಟ್ 19ರಂದು ಕ್ವೆಜಾನ್ ಸಿಟಿಗೆ ರಜೆ. ಪಕ್ಕದ ಮನಿಲಾದಲ್ಲಿ ಎಂದಿನ ಕೆಲಸ. ಮನಿಲಾದ ಸರದಿ ಜೂನ್ 24ಕ್ಕೆ. ಒಂದು ನಗರಕ್ಕೋ ಪ್ರಾಂತ್ಯಕ್ಕೋ ಸೀಮಿತವಾದ ಇಂಥ ದಿನಕ್ಕೆ ಫಿಲಿಪ್ಪೀನ್ಸ್‌ನಲ್ಲಿ 'ಸ್ಪೆಷಲ್ ನಾನ್-ವರ್ಕಿಂಗ್ ಡೇ' ಎನ್ನುತ್ತಾರೆ. ಕೊಡಗಿಗೆ ಮಾತ್ರ ಹುತ್ತರಿ ರಜೆ ಇರುವಂತೆಯೇ ಇದೂ. ಆದರೆ ಫಿಲಿಪ್ಪೀನ್ಸ್‌ನಲ್ಲಿ ಈ ರಜೆ ಖಾಸಗಿ ನೌಕರರ ಆ ದಿನದ ಕೂಲಿಯನ್ನೂ ನಿರ್ಧರಿಸುತ್ತದೆ.

ಘೋಷಿಸುವವರು ಯಾರು?

ದಾರಿ ಎರಡು. ಒಂದು, ಸಂಸತ್ತಿನ ಕಾಯ್ದೆ. ಮಾಜಿ ಅಧ್ಯಕ್ಷ ಮಾನುಯೆಲ್ ಕ್ವೆಜಾನ್ ಹುಟ್ಟಿದ ದಿನವಾದ ಆಗಸ್ಟ್ 19ಕ್ಕೆ ಕಾಯ್ದೆಯ ಬಲವಿದೆ. ಹಾಗಾಗಿ ಕ್ವೆಜಾನ್ ಸಿಟಿಗೆ ಪ್ರತಿವರ್ಷ ರಜೆ ತಾನಾಗಿ ಬರುತ್ತದೆ.

ಎರಡನೆಯದು ಅಧ್ಯಕ್ಷರ ಘೋಷಣೆ. ಊರ ಹಬ್ಬಕ್ಕೋ ಸಂಸ್ಥಾಪನಾ ದಿನಕ್ಕೋ ರಜೆ ಬೇಕೆಂದು ಸ್ಥಳೀಯ ಆಡಳಿತ ಅಧ್ಯಕ್ಷರ ಕಚೇರಿಗೆ ಕೋರಿಕೆ ಕಳಿಸುತ್ತದೆ. ಒಪ್ಪಿಗೆಯಾದರೆ ಸಾಮಾನ್ಯವಾಗಿ ಅಧ್ಯಕ್ಷರ ಪರವಾಗಿ ಎಕ್ಸಿಕ್ಯೂಟಿವ್ ಸೆಕ್ರೆಟರಿ ಸಹಿ ಹಾಕುತ್ತಾರೆ. ಘೋಷಣೆ ಅಧಿಕೃತ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಹಬ್ಬಕ್ಕೆ ಕೆಲವೇ ದಿನ ಉಳಿದಿರುವಾಗ ಆದೇಶ ಬರುವುದೂ ಉಂಟು. ಚಂಡಮಾರುತ ಬಂದರೆ ಮೇಯರ್ ಶಾಲೆ ಮುಚ್ಚಿಸಬಹುದು, ಆದರೆ ಅದು ಈ ಬಗೆಯ ರಜೆಯಾಗುವುದಿಲ್ಲ.

ಕೂಲಿ ಎಷ್ಟು?

ಈ ರಜೆಯ ಮೂಲ ನಿಯಮ 'ಕೆಲಸ ಇಲ್ಲದಿದ್ದರೆ ಕೂಲಿ ಇಲ್ಲ'. ಕಂಪನಿಯ ನೀತಿಯಲ್ಲೋ ಕಾರ್ಮಿಕ ಸಂಘದ ಒಪ್ಪಂದದಲ್ಲೋ ಬೇರೆ ಮಾತಿದ್ದರೆ ಅದು ಅನ್ವಯಿಸುತ್ತದೆ. ದಿನಗೂಲಿ 500 ಪೆಸೊ ಎಂದಿಟ್ಟುಕೊಳ್ಳಿ:

• ಮನೆಯಲ್ಲಿದ್ದರೆ: ಏನೂ ಇಲ್ಲ.
• 8 ಗಂಟೆ ದುಡಿದರೆ: ಶೇ 30 ಹೆಚ್ಚು, ಅಂದರೆ 650.
• ಅದು ವಾರದ ರಜೆಯ ದಿನವೂ ಆಗಿದ್ದು ದುಡಿದರೆ: ಶೇ 50 ಹೆಚ್ಚು, ಅಂದರೆ 750.

ಸ್ವಾತಂತ್ರ್ಯ ದಿನದಂಥ 'ರೆಗ್ಯುಲರ್ ಹಾಲಿಡೇ' ಬೇರೆಯದೇ ವರ್ಗ. ಅಂದು ಮನೆಯಲ್ಲಿದ್ದರೂ ಪೂರ್ತಿ ಕೂಲಿ, ದುಡಿದರೆ ದುಪ್ಪಟ್ಟು. 'ಸ್ಪೆಷಲ್ ವರ್ಕಿಂಗ್ ಡೇ' ಎಂದು ಘೋಷಿಸಿದ್ದರೆ ಮಾಮೂಲಿ ಕೂಲಿಯಷ್ಟೇ.

ನೌಕರರು ಏನು ನೋಡಬೇಕು?

ಘೋಷಣೆಯಲ್ಲಿ ದಿನಾಂಕ, ಊರಿನ ಹೆಸರು ಮತ್ತು ರಜೆಯ ವರ್ಗ, ಈ ಮೂರನ್ನೂ ಓದಿಕೊಳ್ಳಬೇಕು. ಜೊತೆಗೆ ಕಂಪನಿಯ ನಿಯಮವನ್ನು ಕೇಳಿ ತಿಳಿಯಬೇಕು. ತಿಂಗಳ ಸಂಬಳದವರಿಗೆ ಇದು ಬಿಡುವಿನ ದಿನ. ದಿನಗೂಲಿಯವರಿಗೆ ಹಬ್ಬದ ಖರ್ಚಿನ ಹೊತ್ತಲ್ಲೇ ಒಂದು ದಿನದ ದುಡಿಮೆ ತಪ್ಪಬಹುದು. ಹಾಗಾಗಿ ರಜೆ ಕೋರುವ ಊರಿನ ಆಡಳಿತ ಅವರನ್ನೂ ನೆನೆದು ಆದೇಶ ಬೇಗ ಹೊರಡುವಂತೆ ನೋಡಿಕೊಳ್ಳಬೇಕು. ಮುಂಚೆಯೇ ಗೊತ್ತಾದರೆ ಅಂದು ದುಡಿಯುವುದೋ ಹಬ್ಬ ಮಾಡುವುದೋ ಎಂದು ಅವರೂ ಯೋಚಿಸಿಕೊಳ್ಳಬಹುದು.