ಒಂದೇ ಕಡಲು, ಎರಡು ಅಡುಗೆಮನೆ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವಿಬ್ಬರು. ಅವಳು ಮೊಟ್ಟೆಯನ್ನೂ ಮುಟ್ಟದವಳು, ನಾನು ಬಂಗುಡೆ ಸಾರಿಲ್ಲದಿದ್ದರೆ ತುತ್ತು ಇಳಿಯದ ಕರಾವಳಿಯವಳು. ತಟ್ಟೆಯ ವಿಷಯಕ್ಕೆ ಇಲ್ಲಿಯವರೆಗೂ ಜಗಳವಾಗಿಲ್ಲ (ಫ್ಯಾನಿನ ವಿಷಯ ಬೇರೆ). ಓರ್ಕಾಗಳ ಬಗ್ಗೆ ಓದುವಾಗ ಮೊದಲು ನೆನಪಾಗಿದ್ದು ಇದೇ.

ಓರ್ಕಾ ಅಂದರೆ ಕಪ್ಪು ಬಿಳುಪಿನ 'ಕೊಲೆಗಾರ ತಿಮಿಂಗಿಲ'. ಹೆಸರಿಗೆ ತಿಮಿಂಗಿಲ, ನಿಜಕ್ಕೂ ಡಾಲ್ಫಿನ್ ಕುಟುಂಬದ ದೊಡ್ಡಣ್ಣ. ಕೆನಡಾದ ವ್ಯಾಂಕೂವರ್ ದ್ವೀಪದಿಂದ ಅಮೆರಿಕದ ಸಿಯಾಟಲ್‌ವರೆಗೆ ಹಬ್ಬಿದ ಸೇಲಿಶ್ ಸಮುದ್ರದಲ್ಲಿ ಇವುಗಳದ್ದು ಎರಡು ಬಳಗ. 'ರೆಸಿಡೆಂಟ್' ಬಳಗಕ್ಕೆ ಮೀನೇ ಊಟ, ಅದರಲ್ಲೂ ಚಿನೂಕ್ ಸಾಲ್ಮನ್. 'ಬಿಗ್ಸ್' ಬಳಗಕ್ಕೆ ಸೀಲ್, ಕಡಲಸಿಂಹಗಳೇ ಆಗಬೇಕು. ರೆಸಿಡೆಂಟ್‌ಗಳು ಹರಟುತ್ತಲೇ ಬೇಟೆಯಾಡುತ್ತವೆ. ಆ ಸದ್ದು ಸಾಲ್ಮನ್‌ಗೆ ಅಷ್ಟಾಗಿ ಕೇಳಿಸದು. ಸೀಲ್‌ನ ಕಿವಿ ಬಲು ಚುರುಕು. ಹಾಗಾಗಿ ಬಿಗ್ಸ್ ಬೇಟೆಗೆ ಹೊರಟರೆ ತುಟಿಪಿಟಕ್ಕೆನ್ನುವುದಿಲ್ಲ. ಎದುರಾದರೆ ಎರಡೂ ಸಾಮಾನ್ಯವಾಗಿ ದಾರಿ ಬದಲಿಸುತ್ತವೆ. ನೆಂಟಸ್ತಿಕೆಯಂತೂ ಇಲ್ಲವೇ ಇಲ್ಲ.

ಇವುಗಳ ಹಠ ಎಂಥದ್ದು ಗೊತ್ತೇ? 1970ರಲ್ಲಿ ವಿಕ್ಟೋರಿಯಾ ನಗರದ ಬಳಿ ಹಿಡಿದು ಕೂಡಿಹಾಕಿದ್ದ ಓರ್ಕಾಗಳಲ್ಲಿ ಮೂರು, ಕೊಟ್ಟ ಮೀನನ್ನು ಮುಟ್ಟಲೇ ಇಲ್ಲ. ಒಂದು ದಿನ, ಎರಡು ದಿನವಲ್ಲ, ಸುಮಾರು ಎರಡೂವರೆ ತಿಂಗಳು! ಒಂದು ಸತ್ತೇ ಹೋಯಿತು. ಆಮೇಲಷ್ಟೇ ಉಳಿದೆರಡು ಮೀನಿಗೆ ಬಾಯಿ ತೆರೆದವು. ಅವು ಸೀಲ್ ತಿನ್ನುವ ಬಳಗದವು ಎಂದು ಹಿಡಿದವರಿಗೆ ಆಗ ಗೊತ್ತೇ ಇರಲಿಲ್ಲ. ಕೆನಡಾದ ವಿಜ್ಞಾನಿ ಮೈಕೆಲ್ ಬಿಗ್ ಮತ್ತು ಸಂಗಡಿಗರು ಬೆನ್ನಿನ ರೆಕ್ಕೆಯ ಫೋಟೊಗಳಿಂದ ಒಂದೊಂದು ಓರ್ಕಾವನ್ನೂ ಗುರುತಿಸತೊಡಗಿದ ಮೇಲೆ ಈ ಎರಡು ಮನೆತನಗಳ ವಿಷಯ ಬಯಲಾಯಿತು. ಬಿಗ್ಸ್ ಎಂಬ ಹೆಸರು ಅವರ ನೆನಪಿಗೇ ಇಟ್ಟಿದ್ದು.

ಊಟ ಹಂಚಿಕೊಂಡರು, ಸುಖವಾಗಿದ್ದರು ಎಂದು ಮುಗಿಸಬಹುದಿತ್ತು. ಆದರೆ 1970ರ ದಶಕದಲ್ಲಿ ಕಾನೂನಿನ ರಕ್ಷಣೆ ಸಿಕ್ಕಿ ಸೀಲ್‌ಗಳು ಹೆಚ್ಚಿದವು, ಬಿಗ್ಸ್ ಬಳಗವೂ ಬೆಳೆಯಿತು. ಅತ್ತ ಅಣೆಕಟ್ಟೆಗಳಿಂದ, ಹಾಳಾದ ನದಿಗಳಿಂದ ಚಿನೂಕ್ ಕಡಿಮೆಯಾಯಿತು. ಇರುವ ನಾಲ್ಕು ಮೀನನ್ನು ಹುಡುಕೋಣವೆಂದರೆ ಹಡಗುಗಳ ಗದ್ದಲ. ದಕ್ಷಿಣದ ರೆಸಿಡೆಂಟ್‌ಗಳು ಈಗ ಉಳಿದಿರುವುದು 75ರ ಆಸುಪಾಸು. 2018ರಲ್ಲಿ ಅದೇ ಬಳಗದ ತಾಲೆಕ್ವಾ ಎಂಬ ತಾಯಿ, ಹುಟ್ಟಿದ ಕೂಡಲೇ ಸತ್ತ ಮರಿಯನ್ನು 17 ದಿನ ಹೊತ್ತು ಈಜಿದಳು. ಆ ಫೋಟೊ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

"ಪಕ್ಕದಲ್ಲೇ ಅಷ್ಟೊಂದು ಸೀಲ್ ಇವೆಯಲ್ಲೇ, ಅದನ್ನೇ ತಿನ್ನಬಾರದಾ?" ಎಂದಳು ರೂಮ್‌ಮೇಟ್.

"ಅಮ್ಮ ಕಲಿಸಿದ್ದು ಬಿಟ್ಟು ಬೇರೇನೂ ಅವಕ್ಕೆ ಊಟವೇ ಅಲ್ವಂತೆ" ಅಂದೆ.

ಮೊಟ್ಟೆ ಮುಟ್ಟದವಳು ಮತ್ತೇನೂ ಕೇಳಲಿಲ್ಲ.