ತೋಟಾ ತುಂಬುವವರ ತಕ್ಕಡಿ

ಕ್ರೀಡೆ ಮತ್ತು ವಿಜ್ಞಾನ ಕುರಿತ ಮಾತುಕತೆಯೊಂದರ ಚಿತ್ರೀಕರಣ ಮುಗಿದಿತ್ತು. ದೀಪಗಳನ್ನು ಆರಿಸುತ್ತಿದ್ದ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬ ಹತ್ತಿರ ಬಂದು ಕೇಳಿದ: "ಸಾರ್, ಅಮೆರಿಕದಲ್ಲಿ ಪಿಸ್ತೂಲಿನ ಗುಂಡುಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರಂತೆ. ಅದು ಹವ್ಯಾಸವಂತೆ. ನಿಜವೇ? ಸಿಡಿಯುವುದಿಲ್ಲವೇ?"

ನಿಜ. ಅಲ್ಲಿ ಗುರಿಕಾರರಲ್ಲಿ ಅನೇಕರಿಗೆ ಇದು ಹಳೆಯ ಹವ್ಯಾಸ. ಕೆಲವೊಮ್ಮೆ ಸಿಡಿಯುವುದೂ ನಿಜ. ಯಾವಾಗ ಸಿಡಿಯುತ್ತದೆ, ಯಾವಾಗ ಸಿಡಿಯುವುದಿಲ್ಲ ಎಂಬುದಕ್ಕೆ ಉತ್ತರ ನಿಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲೇ ಇದೆ. ಬನ್ನಿ, ನೋಡೋಣ.

ಗುಂಡು ಬೇರೆ, ತೋಟಾ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಾವು ಸಾಮಾನ್ಯವಾಗಿ 'ಗುಂಡು' ಎಂದು ಕರೆಯುವ ಇಡೀ ವಸ್ತುವಿನ ಸರಿಯಾದ ಹೆಸರು ತೋಟಾ. ಮಲೆನಾಡಿನ, ಕೊಡಗಿನ ಹಿರಿಯರು 'ಕೇಪಿನ ಕೋವಿ', 'ತೋಟಾ ಕೋವಿ' ಎಂದು ಬೇರೆ ಬೇರೆಯಾಗಿ ಹೇಳುವುದನ್ನು ನೀವು ಕೇಳಿರಬಹುದು. ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮದ್ದು, ಗುಂಡುಗಳನ್ನು ಪ್ರತಿಸಲವೂ ಪ್ರತ್ಯೇಕವಾಗಿ ತುಂಬಬೇಕು. ತೋಟಾದಲ್ಲಿ ಎಲ್ಲವೂ ಒಂದೇ ಕಟ್ಟಿನಲ್ಲಿರುತ್ತದೆ: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಬೆಂಕಿ ಹಚ್ಚುವ ಪುಟ್ಟ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು.

ಗುಂಡು ಹಾರಿದ ಮೇಲೆ ಮದ್ದು ಉರಿದು ಹೋಗಿರುತ್ತದೆ, ಕೇಪು ಸತ್ತಿರುತ್ತದೆ. ಆದರೆ ಹಿತ್ತಾಳೆಯ ಕೊಳವೆ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಅದರಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಒಳಗಿನ ಒತ್ತಡಕ್ಕೆ ಅದು ಉಬ್ಬಿ, ನಳಿಗೆಯ ಗೋಡೆಗೆ ಅಂಟಿಕೊಂಡು, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ತೋಟಾದ ಭಾಗಗಳಲ್ಲಿ ಹೆಚ್ಚು ಬೆಲೆ ಬಾಳುವುದೂ ಬಹುಮಟ್ಟಿಗೆ ಇದೇ. ಇದನ್ನು ಎಸೆಯುವುದೇಕೆ ಎಂಬ ಪ್ರಶ್ನೆಯಿಂದಲೇ ಈ ಹವ್ಯಾಸ ಹುಟ್ಟಿತು. ಕೊಳವೆಯನ್ನು ತೊಳೆದು, ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಮತ್ತೆ ತೋಟಾ ಸಿದ್ಧ.

19ನೇ ಶತಮಾನದಲ್ಲಿ ಅಮೆರಿಕದ ಬಯಲುಗಳಲ್ಲಿ ಅಂಗಡಿ ದೂರವಿದ್ದ ಬೇಟೆಗಾರರಿಗೆ ಇದು ಅನಿವಾರ್ಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ತೋಟಾಗಳಿಗೆ ಅಭಾವ ಉಂಟಾದಾಗ ಅನಿವಾರ್ಯತೆ ಮರಳಿ ಬಂತು. ಮನೆಮಂದಿ ಬಳಸುವ ಒತ್ತುಯಂತ್ರಗಳನ್ನು ತಯಾರಿಸುವ ಸಂಸ್ಥೆಗಳು ಆ ದಶಕದಲ್ಲಿ ಬೆಳೆದವು. ಇಂದು ಅಲ್ಲಿ ಇದು ಗ್ಯಾರೇಜಿನ ಮೂಲೆಯ ಮೇಜಿನ ಮೇಲೆ ನಡೆಯುವ ಕೆಲಸ.

ಪಿಸ್ತೂಲು ತನ್ನ ಕೆಲಸ ತಾನೇ ಮಾಡುವುದು ಹೇಗೆ?

ಅರೆ-ಸ್ವಯಂಚಾಲಿತ ಪಿಸ್ತೂಲು ಒಂದು ಗುಂಡು ಹಾರಿಸಿದ ಮೇಲೆ ಖಾಲಿ ಕೊಳವೆಯನ್ನು ತಾನೇ ಹೊರಗೆಸೆದು, ಮುಂದಿನ ತೋಟಾವನ್ನು ತಾನೇ ಒಳಗೆ ತಳ್ಳಿಕೊಳ್ಳುತ್ತದೆ. ಅದಕ್ಕೆ ಬ್ಯಾಟರಿಯಿಲ್ಲ, ಮೋಟಾರಿಲ್ಲ. ಶಕ್ತಿ ಬರುವುದು ಅದೇ ತೋಟಾದಿಂದ.

ಒಂದು ಲೆಕ್ಕ ಮಾಡಿ ನೋಡಿ. ಲೂಗರ್ ಎಂಬ ತಂತ್ರಜ್ಞ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ 9 ಮಿಲಿಮೀಟರ್ ತೋಟಾದ ಗುಂಡು ಸುಮಾರು 8 ಗ್ರಾಂ ತೂಗುತ್ತದೆ. ಅದರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ತೂಕವನ್ನು ಕಿಲೋಗ್ರಾಮಿಗೆ ತಂದು ವೇಗದಿಂದ ಗುಣಿಸಿದರೆ ಸಂವೇಗ 2.8. ನ್ಯೂಟನ್ನನ ಮೂರನೆಯ ನಿಯಮ ನೆನಪಿದೆಯಷ್ಟೆ? ಅಷ್ಟೇ ಸಂವೇಗ ಹಿಂದಕ್ಕೂ ಇರಬೇಕು. ಹಿಂದಕ್ಕೆ ಸರಿಯುವ ಉಕ್ಕಿನ ಮೇಲ್ಭಾಗ, ಅಂದರೆ ಸ್ಲೈಡ್, ನಳಿಗೆಯೂ ಸೇರಿ ಅರ್ಧ ಕಿಲೋ ಇದೆಯೆಂದುಕೊಳ್ಳಿ. ಅದರ ವೇಗ ಸೆಕೆಂಡಿಗೆ 5.6 ಮೀಟರ್ ಆಯಿತು.

ಈಗ ಚಲನಶಕ್ತಿಯನ್ನು ಲೆಕ್ಕ ಹಾಕಿ. ಗುಂಡಿನದು 490 ಜೌಲ್, ಸ್ಲೈಡಿನದು 8 ಜೌಲಿಗೂ ಕಡಿಮೆ! ಸಂವೇಗ ಸಮ, ಆದರೆ ಶಕ್ತಿಯಲ್ಲಿ ಅರವತ್ತು ಪಟ್ಟು ಅಂತರ. ಆ ಎಂಟು ಜೌಲ್‌ನಲ್ಲೇ ಪಿಸ್ತೂಲಿನ ಸಂಸಾರವೆಲ್ಲ ನಡೆಯಬೇಕು: ಕೊಳವೆಯನ್ನು ಎಳೆಯಬೇಕು, ಎಸೆಯಬೇಕು, ಸ್ಪ್ರಿಂಗನ್ನು ಅದುಮಬೇಕು. ಅದುಮಿದ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ತಳ್ಳುವಾಗ ಹೊಸ ತೋಟಾ ಒಳಗೆ ಹೋಗುತ್ತದೆ.

ಮದ್ದು ಕಡಿಮೆಯಾದರೆ ಸ್ಲೈಡ್ ಅರ್ಧಕ್ಕೇ ನಿಂತು ಖಾಲಿ ಕೊಳವೆ ಸಿಕ್ಕಿಕೊಳ್ಳುತ್ತದೆ. ಹೆಚ್ಚಾದರೆ ಸ್ಲೈಡ್ ಹಿಂದಕ್ಕೆ ಬಡಿದು ಭಾಗಗಳು ಸವೆಯುತ್ತವೆ. ಇನ್ನೂ ಹೆಚ್ಚಾದರೆ ಏನಾಗುತ್ತದೆಂದು ಮುಂದೆ ನೋಡೋಣ. ರಿವಾಲ್ವರಿನಲ್ಲಿ ಬೆರಳಿನ ಬಲವೇ ಮುಂದಿನ ತೋಟಾವನ್ನು ತರುವುದರಿಂದ ಅಲ್ಲಿ ಹದ ತುಸು ತಪ್ಪಿದರೂ ನಡೆಯುತ್ತದೆ, ಇಲ್ಲಿ ನಡೆಯದು.

ಈ ಹದವನ್ನು ಹುಡುಕುವುದೇ ಹವ್ಯಾಸಿಗಳಿಗೆ ಸೊಗಸು. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದಲ್ಲಿ ರೂಪುಗೊಂಡ ಪ್ರಾಯೋಗಿಕ ಗುರಿಗಾರಿಕೆಯ ಅಂತರರಾಷ್ಟ್ರೀಯ ಒಕ್ಕೂಟದ ಸ್ಪರ್ಧೆಗಳಲ್ಲಿ 'ಪವರ್ ಫ್ಯಾಕ್ಟರ್' ಎಂಬ ನಿಯಮವಿದೆ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿದಾಗ ಬರುವ ಅಂಕಿ ಒಂದು ಮಿತಿಗಿಂತ ಕೆಳಗಿರಬಾರದು. ಹೆಸರು 'ಪವರ್' ಆದರೂ ಅದು ಸಾಮರ್ಥ್ಯವಲ್ಲ, ಸಂವೇಗ. ಒದೆತ ಕಡಿಮೆಯಿರಬೇಕು, ಆದರೆ ಮಿತಿಯನ್ನು ಕೂದಲೆಳೆಯಷ್ಟಾದರೂ ದಾಟಿರಬೇಕು. ಇಂಥ ತೋಟಾ ತನ್ನ ಪಿಸ್ತೂಲಿಗೆ ಒಗ್ಗುವಂತೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಪಂದ್ಯ ಮುಗಿದ ಮೇಲೆ ಗುರಿಕಾರರು ನೆಲದ ಮೇಲೆ ಬಗ್ಗಿಕೊಂಡು, ಪಿಸ್ತೂಲು ಎಸೆದ ಕೊಳವೆಗಳನ್ನು ಹುಣಸೆಬೀಜದಂತೆ ಆರಿಸುವುದೂ ಇದಕ್ಕಾಗಿಯೇ.

ಎಲ್ಲಿ ಸಿಡಿಯುತ್ತದೆ?

ಹೊಗೆರಹಿತ ಮದ್ದನ್ನು 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಕಂಡುಹಿಡಿದ. ಹಳೆಯ ಕಪ್ಪು ಮದ್ದು ಉರಿದರೆ ಅರ್ಧದಷ್ಟು ಮಸಿ, ಗಸಿಯಾಗಿ ಉಳಿದು ಇಂಥ ನಾಜೂಕು ಯಂತ್ರವನ್ನು ಕಟ್ಟಿಹಾಕುತ್ತಿತ್ತು. ಹೊಸ ಮದ್ದು ಹೆಚ್ಚುಕಡಿಮೆ ಪೂರ್ತಿ ಅನಿಲವಾಗುತ್ತದೆ. ಅದು ಬಂದ ಮೇಲೆಯೇ ಇಂಥ ಪಿಸ್ತೂಲು ಸಾಧ್ಯವಾದದ್ದು. ಆದರೆ ಅದರ ಬಲ ಹೆಚ್ಚು, ಪ್ರಮಾಣ ಚಿಕ್ಕದು. ಅರ್ಧ ಗ್ರಾಮಿಗೂ ಕಡಿಮೆ ಮದ್ದು ಕೊಳವೆಯೊಳಗೆ ವಾತಾವರಣದ ಒತ್ತಡದ ಎರಡು ಸಾವಿರ ಪಟ್ಟಿಗೂ ಮೀರಿದ ಒತ್ತಡವನ್ನು ಎಬ್ಬಿಸಬಲ್ಲದು.

ಅಷ್ಟು ಚಿಕ್ಕ ಪ್ರಮಾಣ ಕೊಳವೆಯ ತಳದಲ್ಲೆಲ್ಲೋ ಇರುತ್ತದೆ. ಮೈಮರೆತು ಎರಡು ಸಲ ಹಾಕಿದರೂ ಹಿಡಿಸಿಬಿಡಬಹುದು. ಆಗ ಕೊಳವೆ ಒಡೆದು ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಹಾಕುವುದನ್ನೇ ಮರೆತರೂ ಅಪಾಯ ತಪ್ಪಿದ್ದಲ್ಲ. ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವಿನವರೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. 'ಟುಸ್' ಎಂಬ ಸಣ್ಣ ಸದ್ದನ್ನು ಗಮನಿಸದೆ ಮುಂದಿನ ಗುಂಡು ಹಾರಿಸಿದರೆ ನಳಿಗೆಯೇ ಬಿರಿಯುತ್ತದೆ.

ಅದಕ್ಕೇ ಇವರ ಮೇಜಿನ ಮೇಲೆ ಒಂದು ತಕ್ಕಡಿ ತಪ್ಪದೆ ಇರುತ್ತದೆ. ಇವರ ತೂಕದ ಮಾನ 'ಗ್ರೈನ್'. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಇದ್ದಂತೆ, ಅದು ಬಾರ್ಲಿ ಕಾಳಿನಿಂದ ಬಂದ ಮಾನ. ಒಂದು ಗ್ರಾಮಿಗೆ 15ಕ್ಕೂ ಹೆಚ್ಚು ಗ್ರೈನ್. ಇವರು ತೂಗುವುದು ಒಂದು ಗ್ರೈನಿನ ಹತ್ತನೆಯ ಒಂದು ಪಾಲಿನವರೆಗೆ. ತೂಕವನ್ನು ಊಹಿಸುವಂತಿಲ್ಲ, ಮದ್ದಿನ ತಯಾರಕರು ಪ್ರಕಟಿಸಿದ ಕೋಷ್ಟಕವನ್ನು ಮೀರುವಂತಿಲ್ಲ. ಸೀಸದ ಧೂಳು ವಿಷವಾದ್ದರಿಂದ ಕೈ ತೊಳೆಯದೆ ಊಟ ಮಾಡುವಂತಿಲ್ಲ.

ಬಿ.ಎಸ್‌ಸಿ. ಓದುವಾಗ ಪ್ರಯೋಗಾಲಯದಲ್ಲಿ ನಾನೊಮ್ಮೆ ತಕ್ಕಡಿಯ ಅಂಕಿಯನ್ನು ತಪ್ಪಾಗಿ ಬರೆದುಕೊಂಡು, ಉತ್ತರ ಸರಿಹೋಗಲೆಂದು ಲೆಕ್ಕವನ್ನು ತಿದ್ದಿದ್ದೆ. ಮೇಷ್ಟ್ರು ಎರಡು ಅಂಕ ಕಳೆದರು, ಅಷ್ಟೆ. ತೋಟಾ ತುಂಬುವವನು ಹಾಗೆ ತಿದ್ದಿಕೊಂಡರೆ ಕಳೆದುಕೊಳ್ಳುವುದು ಅಂಕವನ್ನಲ್ಲ, ಬೆರಳನ್ನು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಕಠಿಣ ಶಿಕ್ಷೆಗೆ ಗುರಿಯಾಗುವ ಅಪರಾಧ. ಆದ್ದರಿಂದ ಇದು ನೀವು ಮನೆಯಲ್ಲಿ ಮಾಡಿನೋಡುವ ಪ್ರಯೋಗವಲ್ಲ. ಮೇಲಿನ ಲೆಕ್ಕವನ್ನು ಮಾತ್ರ ಕಾಗದದ ಮೇಲೆ ಖಂಡಿತ ಮಾಡಿನೋಡಿ. ಗುರಿಯ ಆಟದಲ್ಲಿ ಆಸಕ್ತಿ ಇದ್ದವರಿಗೆ ಏರ್ ಪಿಸ್ತೂಲು ಇದೆ. ಅದರಲ್ಲಿ ಮದ್ದೇ ಇಲ್ಲ, ಒತ್ತಿಟ್ಟ ಗಾಳಿಯೇ ಎಲ್ಲ.

ಅಮೆರಿಕದ ಈ ಹವ್ಯಾಸಿಗಳ ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬರುವ ಬುದ್ಧಿಮಾತು ಒಂದಿದೆ: ತೂಗುವಾಗ ಮನಸ್ಸು ಬೇರೆಡೆ ಹೋಗಬಾರದು, ಆ ಕೋಣೆಯಲ್ಲಿ ಟಿ.ವಿ. ಹಾಕಿರಬಾರದು. ಟಿ.ವಿ.ಯಲ್ಲೇ ಅನ್ನ ತಿನ್ನುವ ನಾನು ಇದಕ್ಕೆ ಎದುರಾಡಲಾರೆ. ನೀವು ಪ್ರಯೋಗಾಲಯದಲ್ಲಿ ತಕ್ಕಡಿಯ ಮುಂದೆ ನಿಂತಾಗಲೂ ಈ ಮಾತು ನೆನಪಿರಲಿ. ನಮ್ಮ ಕಾರ್ಯಕ್ರಮವನ್ನು ಆಮೇಲೆ ನೋಡಬಹುದು.